ಮೂರು ಸರ್ವರ್, ಒಂದು ಮುಹೂರ್ತ

ಛತ್ರದ ಕಚೇರಿಯ ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಕಾಗದವನ್ನು ನಾನು ಎಳೆದು ತೆಗೆಯಬಾರದಿತ್ತು. ಎಳೆದೆ. ಅದು ಹರಿಯದೆ ಪೂರ್ತಿಯಾಗಿ ಕೈಗೆ ಬಂತು. ನನ್ನ ಅವನತಿ ಶುರುವಾದದ್ದು ಅಲ್ಲಿಂದ.

ಅವತ್ತು ಟ್ರಸ್ಟಿನ ವಾರ್ಷಿಕ ಸಭೆ. ವರದಿ ಅಚ್ಚಾಗದೆ ಪದಾಧಿಕಾರಿಗಳು ಮೂವರೂ ಪ್ರಿಂಟರಿನ ಸುತ್ತ, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಮುಖ ಮಾಡಿಕೊಂಡು ನಿಂತಿದ್ದರು. ನಾನು ಕಾಗದ ಎಳೆದದ್ದೇ ತಡ, ಯಂತ್ರ ಗರಗರ ಎಂದಿತು. ಅಧ್ಯಕ್ಷರಾದ ಕೊಟ್ರಪ್ಪನವರು ವೇದಿಕೆ ಹತ್ತಿ, “ನಮ್ಮ ಮ್ಯಾನೇಜರ್ ಲಕ್ಷ್ಮೀಪತಿಗಳಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತೆ” ಎಂದು ಸಾರಿದರು. ಎಲ್ಲರೂ ನನ್ನತ್ತ ತಿರುಗಿದರು. ನಾನು “ಏನೋ ಸ್ವಲ್ಪ” ಎಂದೆ. ನಮ್ಮಲ್ಲಿ “ಏನೋ ಸ್ವಲ್ಪ” ಎಂದರೆ ಪೂರ್ತಿ ಬರುತ್ತದೆ ಎಂದು ಅರ್ಥ. ಹಾಡೋಕೆ ಬರುತ್ತಾ ಎಂದಾಗ ಹಾಗೆ ಹೇಳಿದವರ ಮುಂದೆ ಎಷ್ಟು ಹೊತ್ತು ಕೂತು ತಲೆದೂಗಬೇಕಾಗುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು.

ನಾನು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹತ್ತಿರವಿರುವ ಒಂದು ಕಲ್ಯಾಣ ಮಂಟಪದ ಮ್ಯಾನೇಜರು. ಬಡಾವಣೆಯ ಹಿರಿಯರು ಸೇರಿ ಕಟ್ಟಿಸಿದ್ದು. ಪ್ರತಿ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮುಂದಿನ ಲಗ್ನಗಳಿಗೆ ತಾರೀಕು ಕೊಡಲು ಶುರು ಮಾಡುತ್ತೇವೆ. ಫೋನಿನಲ್ಲಿ ಯಾರು ಮೊದಲು ಸಿಗುತ್ತಾರೋ ಅವರಿಗೆ ತಾರೀಕು. ಹೋದ ವರ್ಷ ಇದ್ದದ್ದು ಒಂದೇ ಫೋನು. ಇಡೀ ಬಡಾವಣೆಗೆ ದಿನವೆಲ್ಲ ಎಂಗೇಜ್ ಶಬ್ದ ಕೇಳಿಸಿ, ಖಜಾಂಚಿ ಹನುಮಂತಯ್ಯನವರ ನೆಂಟರಿಗೆ ಮಾತ್ರ ಲೈನು ಸಿಕ್ಕಿತ್ತು. ಅದು ದೈವೇಚ್ಛೆ ಎಂದು ಹನುಮಂತಯ್ಯನವರು ಹೇಳಿದರು. ಬಡಾವಣೆಯವರು ಬೇರೆ ಪದ ಬಳಸಿದರು.

ಅದಕ್ಕೇ ಈ ಸಲ ಇಂಟರ್‌ನೆಟ್ ಮೂಲಕ ನಡೆಯುವ ಫೋನ್ ವ್ಯವಸ್ಥೆ ಹಾಕಿಸಬೇಕು ಎಂದು ಸಭೆ ತೀರ್ಮಾನಿಸಿತು. ಹತ್ತಾರು ಲೈನು, ಕರೆ ಮಾಡಿದವರೆಲ್ಲ ಸಾಲಿನಲ್ಲಿ, ಮೊದಲು ಬಂದವರಿಗೆ ಮೊದಲು. ಯಾರೂ ಮೋಸ ಮಾಡುವಂತಿಲ್ಲ. ಇದರ ಜವಾಬ್ದಾರಿ ಯಾರಿಗೆ? ಹಾಳೂರಿಗೆ ಉಳಿದವನೇ ಗೌಡ. ಕಾಗದ ಎಳೆದವನಿಗೇ ವಹಿಸಿದರು.

“ಇನ್ನೊಂದು,” ಎಂದರು ಕೊಟ್ರಪ್ಪನವರು. “ಈ ಸಲ ಯಾರಿಗೂ ವಿನಾಯಿತಿ ಇಲ್ಲ. ಮ್ಯಾನೇಜರ್ ಮಗಳೇ ಆದ್ರೂ ಫೋನಲ್ಲೇ ಬರಬೇಕು.”

ಆ ಮಾತು ನನಗೆ ನಾಟಿತು. ಯಾಕೆಂದರೆ ನನ್ನ ಮಗಳು ರಾಗಿಣಿಗೆ ಅಷ್ಟರಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ರಾಜರಾಜೇಶ್ವರಿನಗರದ ಮಧ್ವೇಶ್. ನಾವು ತಂದ ಎಷ್ಟೋ ಜಾತಕಗಳನ್ನು ನೋಡಿ ಆಕಳಿಸಿದ ನನ್ನ ಮಗಳು ಈ ಹುಡುಗನ ಹೆಸರು ಬಂದರೆ ಸುಮ್ಮನೆ ನಗುತ್ತಾಳೆ. ಎರಡೂ ಜಾತಕಕ್ಕೆ ಹೊಂದುವ ಮುಹೂರ್ತ ಒಂದೇ ಒಂದು, ನವೆಂಬರ್ ಇಪ್ಪತ್ತೇಳು. ಅದು ದಾಟಿದರೆ ರಾಗಿಣಿಗೆ ಗುರುಬಲ ಇಲ್ಲ, ಒಂದು ವರ್ಷ ಕಾಯಬೇಕು. ಹುಡುಗನ ಅಜ್ಜಿ ಗಾಲಿ ಕುರ್ಚಿಯಲ್ಲಿದ್ದಾರೆ, ಮೊಮ್ಮಗನ ಮದುವೆ ನೋಡಲೆಂದೇ ಜೀವ ಹಿಡಿದುಕೊಂಡಿದ್ದಾರೆ. ಆ ಕಡೆಯ ಛತ್ರಗಳಲ್ಲೆಲ್ಲ ಊಟದ ಮನೆ ನೆಲಮಾಳಿಗೆಯಲ್ಲಿ. ಮಂಟಪವೂ ಊಟವೂ ಒಂದೇ ಮಟ್ಟದಲ್ಲಿ, ಮೆಟ್ಟಿಲಿಲ್ಲದೆ ಇರುವುದು ನಮ್ಮದೊಂದೇ.

“ನಿಮ್ಮ ಛತ್ರ, ಆ ತಾರೀಕು. ಸಿಗದಿದ್ದರೆ ಆಮೇಲೆ ನೋಡೋಣ,” ಎಂದಿದ್ದರು ಹುಡುಗನ ತಂದೆ. ಬೀಗರಾಗಬೇಕಾದವರ ಬಾಯಲ್ಲಿ “ಆಮೇಲೆ ನೋಡೋಣ” ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಇಂಟರ್‌ನೆಟ್ ಫೋನಿನ ಜವಾಬ್ದಾರಿ ತಲೆಗೆ ಬಿದ್ದಾಗ ನನಗೆ ಒಳಗೊಳಗೇ ಸಂತೋಷವೂ ಆಯಿತು. ಮೋಸ ಮಾಡುವ ಯೋಚನೆಯಲ್ಲ, ದೇವರಾಣೆ. ವ್ಯವಸ್ಥೆ ಸರಿಯಾಗಿದ್ದರೆ ಸಾಕು, ಹತ್ತು ಗಂಟೆಗೆ ಸರಿಯಾಗಿ ಫೋನು ಮಾಡುವುದು ನನ್ನ ಹೆಂಡತಿಗೆ ಬಿಟ್ಟದ್ದು. ಅನಂತಲಕ್ಷ್ಮಿ ಗಡಿಯಾರದ ವಿಷಯದಲ್ಲಿ ರೈಲ್ವೆಯವರಿಗೆ ಪಾಠ ಹೇಳುವಂಥವಳು.

ವ್ಯವಸ್ಥೆ ಹಾಕಲು ಬಂದವನು ಭೈರೇಶ್, ನಾಗರಬಾವಿಯ ಹುಡುಗ. ಕಪ್ಪು ಗಡ್ಡ, ಬೆನ್ನಿಗೆ ಚೀಲ. ಛತ್ರವನ್ನೆಲ್ಲ ಸುತ್ತಾಡಿ ಬಂದು ನನ್ನ ಮುಂದೆ ಕೂತು ಒಂದು ಪ್ರಶ್ನೆ ಕೇಳಿದ.

“ಸಾರ್, ಸರ್ವರ್‌ಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕ್ಲಿ?”

ನಾನು ಬಹಳ ಹೊತ್ತು ಫ್ಯಾನು ನೋಡಿದೆ. “ಯಾವ್ಯಾವುದಿದೆ?”

“ವಿಂಡೋಸ್ ಇದೆ, ಡೆಬಿಯನ್ ಇದೆ, ಉಬುಂಟು ಇದೆ. ಫೋನ್ ಸಾಫ್ಟ್‌ವೇರ್ ಯಾವುದರ ಮೇಲಾದ್ರೂ ಕೂರಿಸ್ಬೋದು.”

“ಮೂರರಲ್ಲಿ ಯಾವುದು ಒಳ್ಳೇದು?”

“ಮೂರೂ ಒಳ್ಳೇದೇ ಸಾರ್. ಒಂದೊಂದಕ್ಕೆ ಒಂದೊಂದು ಪ್ಲಸ್ಸು.”

“ನಿಮ್ಮ ಮನೇಲಿ ಯಾವುದು ಹಾಕಿದೀರಿ?”

“ನಂದು ಬಿಡಿ ಸಾರ್. ಕಸ್ಟಮರ್ ಚಾಯ್ಸು.”

ಹಿಂದೊಮ್ಮೆ ಯಾರಿಗೋ ತನ್ನ ಅಭಿಪ್ರಾಯ ಹೇಳಿದ್ದನಂತೆ. ಅದು ಕೆಟ್ಟು ಕೂತಾಗ ಅವರು ಇವನ ಮನೆ ಮುಂದೆ ಬಂದು ಕೂತರಂತೆ. ಅಂದಿನಿಂದ ಈ ಹುಡುಗ ಅಭಿಪ್ರಾಯ ಬಿಟ್ಟಿದ್ದಾನೆ, ಕೆಲವರು ಈರುಳ್ಳಿ ಬಿಟ್ಟ ಹಾಗೆ. “ನೀವೇ ಡಿಸೈಡ್ ಮಾಡಿ ಸಾರ್, ಒಂದು ಸಾಕು, ನಾನು ಹಾಕಿಕೊಡ್ತೀನಿ,” ಎಂದು ಎದ್ದು ಹೋದ. ಆ ಕ್ಷಣದಲ್ಲಿ ನಾನು ಕಣ್ಣು ಮುಚ್ಚಿ ಒಂದರ ಹೆಸರು ಹೇಳಿದ್ದರೆ ಇವತ್ತು ನನ್ನ ಮನೆಯಲ್ಲಿ ಲಗ್ನಪತ್ರಿಕೆಗೆ ಅರಿಸಿನ ಹಚ್ಚುತ್ತಿದ್ದರು. ನಾನು ಅದನ್ನು ಕಮಿಟಿಯ ಮುಂದಿಟ್ಟೆ.

ಕಮಿಟಿಯವರ ಪರಿಚಯ ಮಾಡಿಕೊಡುತ್ತೇನೆ. ಕೊಟ್ರಪ್ಪನವರು ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ಹನುಮಂತಯ್ಯನವರು ಬ್ಯಾಂಕಿನಲ್ಲಿದ್ದವರು, ಯಾವುದನ್ನೇ ಕೊಟ್ಟರೂ ತಿರುಗಿಸಿ ಹಿಂಬದಿ ನೋಡುವವರು. ಕಾರ್ಯದರ್ಶಿ ದುಂಡಪ್ಪನವರಿಗೆ ವಿಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ, ಸಂಜೆ ಪ್ರವಚನ.

“ಆಪರೇಟಿಂಗ್ ಸಿಸ್ಟಮ್ ಅಂದ್ರೇನು, ಲಕ್ಷ್ಮೀಪತಿಗಳೇ?” ಎಂದರು ಅಧ್ಯಕ್ಷರು.

ನಾನು ರಾತ್ರಿಯೆಲ್ಲ ಓದಿ ಸಿದ್ಧನಾಗಿದ್ದೆ. “ಫೋನಿನ ಸಾಫ್ಟ್‌ವೇರ್ ಅಂದ್ರೆ ಅಡುಗೆ. ಅದನ್ನ ಇಡೋಕೆ ಒಲೆ ಬೇಕಲ್ಲ, ಅದೇ ಆಪರೇಟಿಂಗ್ ಸಿಸ್ಟಮ್ಮು.”

“ಮತ್ತೆ ಕಂಪ್ಯೂಟರು?”

“ಅದು ಅಡುಗೆಮನೆ.”

“ಇಂಟರ್‌ನೆಟ್ಟು?”

“ಬಡಿಸೋರು.” ಈ ಉತ್ತರ ನನಗೇ ತುಂಬ ಹಿಡಿಸಿತು.

“ಗ್ಯಾಸ್ ಒಲೆನೋ, ಸೌದೆ ಒಲೆನೋ?” ಎಂದು ದುಂಡಪ್ಪನವರು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಹನುಮಂತಯ್ಯನವರು ಕನ್ನಡಕ ಹಣೆಗೇರಿಸಿ, ಸಭೆಗೆ ಕರೆಸಿದ್ದ ಭೈರೇಶನತ್ತ ತಿರುಗಿದರು. “ಈ ಡೆಬಿಯನ್ನು, ಇದರ ಓನರ್ ಯಾರು?”

“ಓನರ್ ಅಂತ ಯಾರೂ ಇಲ್ಲ ಸಾರ್. ಪ್ರಪಂಚದಲ್ಲಿರೋ ಸಾವಿರಾರು ಜನ ಸೇರಿ ಮಾಡಿದ್ದು. ಫ್ರೀ.”

“ಓನರ್ ಇಲ್ಲ ಅಂದ್ರೆ,” ಹನುಮಂತಯ್ಯನವರು ನಿಧಾನವಾಗಿ ಕೇಳಿದರು, “ಕೆಟ್ಟೋದ್ರೆ ಯಾರನ್ನ ಬೈಯೋದು?”

ಇದು ಸಣ್ಣ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ನಮ್ಮ ಛತ್ರದೊಳಕ್ಕೆ ಬಂದ ಪ್ರತಿಯೊಂದಕ್ಕೂ ಬೈಸಿಕೊಳ್ಳುವವರು ಒಬ್ಬರಿದ್ದಾರೆ. ಪಾಯಸ ಸೀದರೆ ಅಡುಗೆಯವರು, ದೀಪ ಹೋದರೆ ಲೈನ್‌ಮನ್, ಕೊಳವೆಬಾವಿ ಬತ್ತಿದರೆ ತೆಂಗಿನಕಾಯಿ ಹಿಡಿದು ಜಾಗ ತೋರಿಸಿದಾತ. ಬೈಯಲು ಜನವಿಲ್ಲದ ಒಂದು ವಸ್ತುವನ್ನು ಒಳಗೆ ತಂದ ಇತಿಹಾಸ ಟ್ರಸ್ಟಿಗಿಲ್ಲ.

“ಇಂಟರ್‌ನೆಟ್‌ನಲ್ಲಿ ಫೋರಮ್ ಅಂತ ಇರುತ್ತೆ, ಅಲ್ಲಿ ಬರೀಬೋದು ಸಾರ್. ಯಾರಾದ್ರೂ ಉತ್ತರ ಕೊಡ್ತಾರೆ,” ಎಂದ ಭೈರೇಶ್.

“ಯಾರಾದ್ರೂ ಅಂದ್ರೆ?”

“ಯಾರಾದ್ರೂ.”

“ವಿಂಡೋಸ್ ಆದ್ರೆ?”

“ಅದಕ್ಕೆ ಕಂಪನಿ ಇದೆ ಸಾರ್. ಫೋನ್ ಮಾಡ್ಬೋದು.”

“ನಮ್ಮ ಫೋನೇ ಕೆಟ್ಟಿದ್ರೆ?”

ಭೈರೇಶ್ ತನ್ನ ಚೀಲದ ಜಿಪ್ಪನ್ನು ಎಳೆದು ಮುಚ್ಚಿ ಮತ್ತೆ ತೆಗೆದ. ಕೊಟ್ರಪ್ಪನವರೇ ದಾರಿ ತೋರಿಸಿದರು. “ಅದಕ್ಯಾಕೆ ಯೋಚನೆ? ಲಕ್ಷ್ಮೀಪತಿಗಳಿದಾರಲ್ಲ, ಅವರನ್ನೇ ಬೈಯೋಣ.” ಎಲ್ಲರಿಗೂ ನಿರಾಳವಾಯಿತು, ನನ್ನೊಬ್ಬನನ್ನು ಬಿಟ್ಟು.

ಆದರೆ ಒಲೆ ಯಾವುದೆಂಬುದು ಮಾತ್ರ ಬಗೆಹರಿಯಲಿಲ್ಲ. ಹನುಮಂತಯ್ಯನವರು ವಿಂಡೋಸ್ ಹಿಡಿದರು, ಬ್ಯಾಂಕಿನಲ್ಲಿದ್ದದ್ದು ಅದೇ ಎಂದು. ಕೊಟ್ರಪ್ಪನವರಿಗೆ ಡೆಬಿಯನ್. ಅದು ಬೇಗ ಬೇಗ ಬದಲಾಗುವುದಿಲ್ಲ ಎಂದು ಭೈರೇಶ್ ಹೇಳಿದ್ದೇ ಸಾಕಾಯಿತು. ಸೇತುವೆಯೂ ಹಾಗೇ ಇರಬೇಕಂತೆ. ದುಂಡಪ್ಪನವರು ಉಬುಂಟು ಎಂಬ ಹೆಸರಿನ ಅರ್ಥ ಕೇಳಿ ಕರಗಿಹೋದರು. ಅದು ಆಫ್ರಿಕಾ ಕಡೆಯ ಮಾತು, ನೀವಿರುವುದರಿಂದ ನಾನಿದ್ದೇನೆ ಎನ್ನುವ ಭಾವ ಎಂದು ತಿಳಿದು, “ನಮ್ಮ ಶರಣರು ಹೇಳಿದ್ದೂ ಇದನ್ನೇ ಅಲ್ವೇ?” ಎಂದು ಕಣ್ಣು ಒರೆಸಿಕೊಂಡರು. ಮೂವರೂ ಮೂರು ದಿಕ್ಕಾದರು. ಪ್ರತಿ ಭಾನುವಾರ ಸಭೆ, ಪ್ರತಿ ಸಭೆಗೂ ಉಪ್ಪಿಟ್ಟು, ತೀರ್ಮಾನ ಮಾತ್ರ ಇಲ್ಲ.

ವಿಷಯ ಹೊರಗೂ ಹಬ್ಬಿತು. ಬೆಳಗಿನ ಪಾರ್ಕಿನಲ್ಲಿ ಕಲ್ಲುಬೆಂಚುಗಳು ಪಕ್ಷವಾರು ಹಂಚಿಹೋದವು. ಕಂಪ್ಯೂಟರನ್ನು ಕರ್ಚೀಫಿನಿಂದ ಒರೆಸಿದ್ದು ಬಿಟ್ಟರೆ ಬೇರೇನೂ ಮಾಡದ ಹಿರಿಯರು, “ಡೆಬಿಯನ್ ಗಟ್ಟಿ ಸ್ವಾಮಿ, ನನ್ನ ಮಾತು ಕೇಳಿ” ಎಂದು ನನ್ನ ತೋಳು ಹಿಡಿಯತೊಡಗಿದರು. ನಾನು ವಾಕಿಂಗ್ ನಿಲ್ಲಿಸಿದೆ. ಸಕ್ಕರೆ ಏರಿತು.

ಆಷಾಢ ಬಂತು. ಮದುವೆಗಳಿಲ್ಲ, ಛತ್ರ ಭಣಭಣ. ಭೈರೇಶ್ ತಾನಾಗಿಯೇ ಬಂದು, “ಸಾರ್, ಯಾವುದೋ ಒಂದು ಹೇಳ್ಬಿಡಿ. ಈಗ ಖಾಲಿ ಇದೆ, ಒಂದ್ಸಲ ಟೆಸ್ಟ್ ಮಾಡ್ಕೊಂಡ್ಬಿಡೋಣ,” ಎಂದ. ಅವನು ಹೇಳಿದ ಒಂದೇ ಒಂದು ಅಭಿಪ್ರಾಯ ಅದು. ಅಧ್ಯಕ್ಷರಿಗೆ ಮುಟ್ಟಿಸಿದೆ.

“ಆಷಾಢದಲ್ಲಿ ಹೊಸದು ಶುರು ಮಾಡೋದಾ? ಯಾರಾದ್ರೂ ಕೇಳಿದ್ರೆ ಉಗೀತಾರೆ,” ಎಂದರು ಕೊಟ್ರಪ್ಪನವರು.

“ಶುರು ಅಲ್ಲ ಸಾರ್, ಬರೀ ಟೆಸ್ಟು.”

“ಹೊಸ ಮದುಮಗಳನ್ನ ಆಷಾಢದಲ್ಲಿ ಟೆಸ್ಟಿಗೆ ಅಂತ ಗಂಡನ ಮನೆಗೆ ಕಳಿಸ್ತೀರಾ?”

ಟೆಸ್ಟಿನ ಮಾತು ಅಲ್ಲಿಗೇ ನಿಂತಿತು. ಶ್ರಾವಣದ ಮೊದಲ ಸೋಮವಾರ, ರಾಹುಕಾಲ ಕಳೆದ ಮೇಲೆ ಉದ್ಘಾಟನೆ ಎಂದು ನಿಶ್ಚಯವಾಯಿತು. ತಾರೀಕು ಕೊಡಲು ಶುರು ಮಾಡುವುದೂ ಅವತ್ತೇ, ಹತ್ತು ಗಂಟೆಗೆ. ಒಳ್ಳೆಯ ದಿನ ಬಂದಾಗ ಎಲ್ಲ ಒಳ್ಳೆಯ ಕೆಲಸವನ್ನೂ ಒಟ್ಟಿಗೇ ಮಾಡಿ ಮುಗಿಸುವುದು ನಮ್ಮ ಪದ್ಧತಿ.

ಒಲೆಯ ಪ್ರಶ್ನೆ ಉಳಿದೇ ಇತ್ತು. ಕೊನೆಗೆ ದುಂಡಪ್ಪನವರು, “ಹೂವಿನ ಪ್ರಸಾದ ಕೇಳೋಣ” ಎಂದರು. ಎಲ್ಲರೂ ಬಡಾವಣೆಯ ಆಂಜನೇಯನ ಗುಡಿಗೆ ಹೋದೆವು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಂತರೆ, ಮೂರ್ತಿಯ ಬಲಗಡೆಯ ಹೂವು ಉದುರಿದರೆ ಆಗಬಹುದು ಎಂದರ್ಥ, ಎಡಗಡೆಯದಾದರೆ ಬೇಡ. ಮದುವೆ, ಸೈಟು, ಆಪರೇಷನ್ನು ಎಲ್ಲವನ್ನೂ ನಾವು ಹೀಗೇ ತೀರ್ಮಾನಿಸಿದವರು.

ಅರ್ಚಕರು ತೊಡಕು ಎತ್ತಿದರು. “ಸ್ವಾಮಿ ಹೌದು, ಇಲ್ಲ ಅಂತಾನೆ ಅಷ್ಟೆ. ಮೂರರಲ್ಲಿ ಒಂದು ಆರಿಸಿ ಕೊಡಲ್ಲ. ಒಂದೊಂದಾಗಿ ಕೇಳಿ.”

ಕೊಟ್ರಪ್ಪನವರು ಕೈಮುಗಿದು ಡೆಬಿಯನ್ ಕೇಳಿದರು. ಬಲಗಡೆಯ ಸೇವಂತಿಗೆ ಥಟ್ಟನೆ ಉದುರಿತು. ಅವರು ನಮ್ಮೆಲ್ಲರನ್ನೂ ಕರುಣೆಯಿಂದ ನೋಡಿದರು. ನಿಯಮದಂತೆ ಉಳಿದವರೂ ಕೇಳಬೇಕಲ್ಲ, ಹನುಮಂತಯ್ಯನವರು ವಿಂಡೋಸ್ ಕೇಳಿದರು. ಬಲಗಡೆ. ದುಂಡಪ್ಪನವರು ಉಬುಂಟು ಕೇಳುವ ಮೊದಲೇ ಬಲಗಡೆಯ ದಾಸವಾಳ ಬಿತ್ತು. ಭೈರೇಶ್ ಮೊದಲ ದಿನವೇ ಮೂರೂ ಒಳ್ಳೇದು ಎಂದಿದ್ದ. ದೇವರೂ ಅದನ್ನೇ ಹೇಳಿದ. ದೇವರಿಗೂ ನಮ್ಮ ಕಮಿಟಿಯ ಸಹವಾಸ ಬೇಡವೆನಿಸಿರಬೇಕು.

“ಹಾಗಾದ್ರೆ ಮೂರೂ ಹಾಕ್ಸೋಣ,” ಎಂದರು ಅಧ್ಯಕ್ಷರು. ತಿಂಗಳುಗಳ ಮುನಿಸು ಆ ಒಂದು ಮಾತಿನಲ್ಲಿ ಕರಗಿ, ಮೂವರೂ ಗುಡಿಯ ಮುಂದೆಯೇ ಕೈಕೈ ಹಿಡಿದುಕೊಂಡರು.

ಮೂರು ಕಂಪ್ಯೂಟರು ಬಂದವು. “ಮಾಡ್ಬೋದಾ ಭೈರೇಶ್?” ಎಂದೆ. “ಮಾಡೋಕೇನು ಸಾರ್, ಮಾಡ್ಬೋದು,” ಎಂದ ಅವನು, ಆಸೆ ಬಿಟ್ಟ ರೋಗಿಗೆ ಡಾಕ್ಟರು ಏನು ಬೇಕಾದರೂ ತಿನ್ನಿ ಎನ್ನುವ ದನಿಯಲ್ಲಿ. ಬಂದ ಕರೆಯನ್ನು ಮೊದಲು ಕೊಟ್ರಪ್ಪನವರ ಯಂತ್ರ ಎತ್ತಿಕೊಂಡು ಅವರದೇ ದನಿಯಲ್ಲಿ ಸ್ವಾಗತ ಹೇಳುತ್ತದೆ. ಅಲ್ಲಿಂದ ಹನುಮಂತಯ್ಯನವರದಕ್ಕೆ ಹೋಗುತ್ತದೆ, ಅದು ನಿಯಮ ಓದುತ್ತದೆ. ಅಲ್ಲಿಂದ ದುಂಡಪ್ಪನವರದಕ್ಕೆ, ಅದು ಆಶೀರ್ವಾದ ಮಾಡುತ್ತದೆ. ಕೊನೆಯ ಯಂತ್ರ ನನ್ನ ಮೇಜಿನ ಫೋನಿಗೆ ಕೊಡುತ್ತದೆ.

“ಕೊನೇದು ಅಂದ್ರೆ?” ಎಂದರು ದುಂಡಪ್ಪನವರು. “ನಂದು ಕೊನೇ ಪಂಕ್ತಿನಾ?”

ಕೊನೆಯ ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆ ಮುಗಿದು ಬರೀ ತಿಳಿಸಾರು ಸಿಗುವುದನ್ನು ಛತ್ರದವರಾಗಿ ನಾವೆಲ್ಲ ನೋಡಿದವರು. ಹನುಮಂತಯ್ಯನವರನ್ನು ಕೇಳಿದರೆ, ಖಜಾಂಚಿ ಕೊನೆಗೆ ಕೂತ ಉದಾಹರಣೆಯೇ ಇಲ್ಲ ಎಂದರು. ಅಧ್ಯಕ್ಷರನ್ನು ಕೊನೆಗೆ ಹಾಕಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

“ಕೊನೇ ಅನ್ನೋದೇ ಬೇಡ,” ಎಂದು ಕೊಟ್ರಪ್ಪನವರು ತೀರ್ಪು ಕೊಟ್ಟರು. “ದುಂಡಪ್ಪನವರದಾದ್ಮೇಲೆ ಮತ್ತೆ ನನ್ನದಕ್ಕೆ ಬರ್ಲಿ. ದುಂಡಗೆ. ಮೊದಲೂ ಇಲ್ಲ, ಕೊನೆಯೂ ಇಲ್ಲ.”

“ಕಾಲ್ ಸುತ್ತುತ್ತಲ್ಲ ಸಾರ್,” ಎಂದ ಭೈರೇಶ್.

“ಸುತ್ಲಿ ಬಿಡಪ್ಪ. ಪ್ರದಕ್ಷಿಣೆ ಅಂದ್ಕೊಳ್ಳಿ,” ಎಂದರು ದುಂಡಪ್ಪನವರು.

“ಮೇಜಿನ ಫೋನಿಗೆ ಯಾವಾಗ ಕೊಡ್ಲಿ?”

“ಎಲ್ಲಾ ಮುಗಿದ್ಮೇಲೆ ಕೊಡೋದು,” ಎಂದರು ಅಧ್ಯಕ್ಷರು.

ಭೈರೇಶ್ ನನ್ನ ಮುಖ ನೋಡಿದ. ಮೂವರೂ ನೋಡಿದರು. ಕಂಪ್ಯೂಟರ್ ಬಲ್ಲವನು ಮಾತಾಡಬೇಕಾದ ಗಳಿಗೆ ಅದು. ನನಗೆ ಏನೂ ಅರ್ಥವಾಗಿರಲಿಲ್ಲ. ಅರ್ಥವಾಗಿಲ್ಲ ಎಂದರೆ ಮತ್ತೆ ಸಭೆ, ಮತ್ತೆ ಉಪ್ಪಿಟ್ಟು, ಅಷ್ಟರಲ್ಲಿ ಸೋಮವಾರ. “ನೋಡ್ಕೊಳ್ಳೋಣ ಬಿಡಿ,” ಎಂದೆ.

ಅವತ್ತು ಮನೆಗೆ ಬಂದು ಅನಂತಲಕ್ಷ್ಮಿಯನ್ನು ಕೂರಿಸಿ ಪಾಠ ಮಾಡಿದೆ. “ಹತ್ತು ಗಂಟೆಗೆ ಸರಿಯಾಗಿ ಒತ್ತು. ಕೊಟ್ರಪ್ಪನವರ ದನಿ ಬರುತ್ತೆ, ಹೆದರ್ಬೇಡ. ಎಷ್ಟು ಹೊತ್ತಾದ್ರೂ ಸರಿ, ಇಡ್ಬೇಡ. ಇಟ್ರೆ ಸಾಲಿನ ಹಿಂದಕ್ಕೆ ಹೋಗ್ತೀಯ.”

“ಇಡಲ್ಲ ರೀ,” ಎಂದಳು ಅವಳು. “ಎಲ್ಲಾ ನೀವೇ ಮಾಡ್ಸಿದ್ದಾ?”

“ಏನೋ ಸ್ವಲ್ಪ,” ಎಂದೆ.

ಸೋಮವಾರ ಬಂತು. ಮೂರು ಯಂತ್ರಗಳಿಗೂ ಕುಂಕುಮ, ಮೂರು ಹಾರ, ಬಾಗಿಲಿಗೆ ಮಾವಿನ ತೋರಣ. ಅಧ್ಯಕ್ಷರು ಕಾಯಿ ಒಡೆದರು. ಹತ್ತು ಹೊಡೆಯಿತು. ಯಂತ್ರಗಳ ಹಸಿರು ದೀಪಗಳು ಪಟಪಟನೆ ಮಿನುಗತೊಡಗಿದವು. “ಬಂತು, ಬಂತು,” ಎಂದು ದುಂಡಪ್ಪನವರು ಕೈಮುಗಿದರು. ನಾನು ಪೆನ್ನಿನ ಮುಚ್ಚಳ ತೆಗೆದು, ಮೇಜಿನ ಫೋನಿನ ಮೇಲೆ ಕೈ ಇಟ್ಟುಕೊಂಡು ಕೂತೆ.

ಫೋನು ಬಡಿಯಲಿಲ್ಲ.

ದೀಪಗಳು ಮಾತ್ರ ದೀಪಾವಳಿಯ ಹಾಗೆ ಉರಿಯುತ್ತಿದ್ದವು. ಕೇಸರಿಬಾತು ಬಂತು, ತಿಂದೆವು. ಫೋನು ಬಡಿಯಲಿಲ್ಲ. ಅಷ್ಟರಲ್ಲಿ ಪದಾಧಿಕಾರಿಗಳ ಮೊಬೈಲುಗಳು ಒಂದರ ಹಿಂದೆ ಒಂದು ಅರಚಿಕೊಂಡವು. ಛತ್ರದ ನಂಬರು ಎಂಗೇಜು, ಎಲ್ಲರಿಗೂ ಎಂಗೇಜು, ಹೋದ ವರ್ಷಕ್ಕಿಂತ ಕಡೆ. ಹೊರಗೆ ಗೇಟಿನ ಹತ್ತಿರ ಜನ ಸೇರತೊಡಗಿದರು. ಬಿಸಿಲಿಗೆ ಕೊಡೆ ಹಿಡಿದ ಹೆಂಗಸರು, ಸ್ಕೂಟರು ಅಡ್ಡ ಹಾಕಿದ ಗಂಡಸರು. “ಈ ಸಲ ಯಾರ ನೆಂಟರಿಗೆ ಸ್ವಾಮಿ?” ಎಂದು ಯಾರೋ ಕೂಗಿದರು. ಹನುಮಂತಯ್ಯನವರು ಊಟದ ಮನೆಯ ಕಡೆ ಸರಿದರು.

ಕೊಟ್ರಪ್ಪನವರಿಗೆ ಪ್ರವಾಹ ಬಂದಾಗ ಸೇತುವೆಯ ಮೇಲೆ ನಿಂತ ಅಭ್ಯಾಸವಿತ್ತು. ಬಾಗಿಲಲ್ಲಿ ನಿಂತು ಘೋಷಿಸಿದರು: “ಫೋನು ಕೆಲಸ ಮಾಡ್ತಿಲ್ಲ. ಈಗಿಂದ ಯಾರು ಕಿಟಕಿ ಹತ್ರ ಸಾಲಲ್ಲಿ ನಿಂತಿದಾರೋ ಅವರಿಗೇ ತಾರೀಕು.”

ಅನಂತಲಕ್ಷ್ಮಿ ಬಸವೇಶ್ವರನಗರದ ಮನೆಯಲ್ಲಿದ್ದಳು. ಮೊಬೈಲು ತೆಗೆದು ಒತ್ತಿದೆ, ಆಟೋ ಹತ್ತಿ ಓಡಿ ಬಾ ಎನ್ನಲು. ಬೇರೆ ಕರೆಯಲ್ಲಿದ್ದಾರೆ ಎಂದು ಬಂತು. ಮತ್ತೆ ಒತ್ತಿದೆ. ಬೇರೆ ಕರೆಯಲ್ಲಿದ್ದಾರೆ. ಆಗ ಹೊಳೆಯಿತು, ಆ ಬೇರೆ ಕರೆ ನನ್ನದೇ. ಇಡಬೇಡ ಎಂದು ಹೇಳಿಕೊಟ್ಟವನು ನಾನು. ರಾಗಿಣಿಯ ನಂಬರು ಒತ್ತಿದೆ. ಅವಳೂ ಬೇರೆ ಕರೆಯಲ್ಲಿದ್ದಳು.

ಕಿಟಕಿಯ ಆಚೆ ಮೊದಲಿಗೆ ನಿಂತಿದ್ದವರು ಮುನಿವೆಂಕಟಪ್ಪ ಎಂಬ ಹಿರಿಯರು, ಹೆಂಡತಿ ಯಶೋದಮ್ಮನ ಜೊತೆ. ಕೆಂಗೇರಿ ಕಡೆಯ ಹಳೆಯ ಊರಿನವರು, ಬಿಳಿ ಪಂಚೆ. “ನಾನು ಫೋನ್ ಗೀನ್ ನಂಬೋನಲ್ಲ ಸಾರ್, ಮುಖ ನೋಡಿ ಮಾತಾಡೋದೇ ಸರಿ ಅಂತ ಬೆಳಿಗ್ಗೆನೇ ಬಂದೆ. ಮೊಮ್ಮಗಂದು ಕಿವಿ ಚುಚ್ಚೋದಿದೆ. ನವೆಂಬರ್ ಇಪ್ಪತ್ತೇಳು ಬರ್ಕೊಳಿ.”

ನಾನು ಬರೆದುಕೊಳ್ಳಲಿಲ್ಲ. ಕಿಟಕಿಯ ಸರಳಿಗೆ ಮುಖ ಒತ್ತಿ, ಮಾನ ಬಿಟ್ಟು ಕೇಳಿದೆ. “ಯಜಮಾನರೇ, ಅವತ್ತೇ ನನ್ನ ಮಗಳ ಮದುವೆ. ಅದೊಂದೇ ಮುಹೂರ್ತ ಇರೋದು.”

ಅವರ ಮುಖ ಮೆತ್ತಗಾಯಿತು. ಹೆಂಡತಿಯ ಕಡೆ ನೋಡಿದರು. “ಹೆಣ್ಣು ಮಗು ಮದುವೆ ಅಂತೆ. ನಾವು ಬೇರೆ ದಿನ ನೋಡೋಣ್ವಾ?”

“ಬಿಟ್ಕೊಡ್ರೀ, ಕಿವಿ ಯಾವತ್ತು ಚುಚ್ಚಿದ್ರೂ ಕಿವೀನೇ,” ಎಂದರು ಯಶೋದಮ್ಮ. ಇಂಥ ಜನವೂ ಇದ್ದಾರಲ್ಲ ಎಂದು ನನ್ನ ಕಣ್ಣು ತುಂಬಿತು.

“ಆಗಲ್ಲ,” ಎಂದರು ನನ್ನ ಹಿಂದೆ ನಿಂತಿದ್ದ ಕೊಟ್ರಪ್ಪನವರು. ಅವರ ದನಿಯೂ ಗಟ್ಟಿಯಾಗಿರಲಿಲ್ಲ. “ಅವರು ಬಿಟ್ರೆ ಹಿಂದಿನವರಿಗೆ ಹೋಗ್ಬೇಕು ಲಕ್ಷ್ಮೀಪತಿಗಳೇ. ನಿಮಗೆ ಕೊಟ್ರೆ ಹೊರಗಿರೋರು ಛತ್ರಕ್ಕೆ ಕಲ್ಲು ಹೊಡೀತಾರೆ.”

ಹಿಂದಿನವರನ್ನು ಕೇಳಿದೆ. ಅವರಿಗೂ ಇಪ್ಪತ್ತೇಳು. ಅವರ ಹಿಂದಿನವರಿಗೂ. ಒಳ್ಳೆಯ ಮುಹೂರ್ತ ನನ್ನ ಮಗಳೊಬ್ಬಳಿಗೇ ಇರುತ್ತದೆಯೇ. ಮುನಿವೆಂಕಟಪ್ಪನವರು, “ಹಂಗಾದ್ರೆ ನಾವು ಬಿಟ್ಟೂ ಏನುಪಯೋಗ ಸಾರ್,” ಎಂದು ನೊಂದುಕೊಂಡರು. ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೇಳರ ಮೇಲೆ ನಾನೇ, ನನ್ನ ಕೈಯಿಂದಲೇ, ಅಡ್ಡಗೆರೆ ಎಳೆದೆ. ಪುಸ್ತಕದಲ್ಲಿ ಮುನಿವೆಂಕಟಪ್ಪನವರ ಹೆಸರು ಬರೆದುಕೊಂಡೆ.

ಆ ಹೊತ್ತಿಗೆ ಮೂಲೆಯಲ್ಲಿ ಯಂತ್ರಗಳ ಮುಂದೆ ಬಾಗಿದ್ದ ಭೈರೇಶ್ ತಲೆಯೆತ್ತಿದ. “ಸಾರ್, ಸಿಕ್ತು. ಬಂದಿರೋದು ಒಂದೇ ಕಾಲು.”

“ಏನಂದ್ರಿ?”

“ಹತ್ತು ಗಂಟೆಗೆ ಸರಿಯಾಗಿ ಒಂದು ಕಾಲ್ ಬಂದಿದೆ. ಕೊನೆ ಇಲ್ವಲ್ಲ ಸಾರ್, ಅದೇ ಸುತ್ತುತ್ತಾ ಇದೆ. ಒಂದೊಂದು ಸುತ್ತಿಗೂ ಹೊಸ ಲೈನ್ ಹಿಡ್ಕೊಂಡು, ಇರೋ ಲೈನೆಲ್ಲ ಅದೇ ತಿಂದ್ಬಿಟ್ಟಿದೆ. ಅದಕ್ಕೇ ಬೇರೆಯವರಿಗೆಲ್ಲ ಎಂಗೇಜು.” ಅವನು ಪರದೆ ನೋಡಿ ನಂಬರು ಓದತೊಡಗಿದ. ಅರ್ಧದಲ್ಲೇ ನಾನು ಉಳಿದರ್ಧ ಹೇಳಿ ಮುಗಿಸಿದೆ. ನನ್ನ ಹೆಂಡತಿಯ ನಂಬರು ನನಗೆ ಬಾರದೇ.

ಕೊಟ್ರಪ್ಪನವರು ಕುರ್ಚಿಯ ಮೇಲೆ ಕುಸಿದರು. “ಬರೆದಾಯ್ತಲ್ಲ, ಇನ್ನು ಅಳಿಸೋಕಾಗಲ್ಲ. ನನ್ನದೇ ಕೊನೇದು ಅಂತ ಮಾಡಿಬಿಡಪ್ಪಾ,” ಎಂದರು ಮೆಲ್ಲಗೆ. ಭೈರೇಶ್ ನಾಲ್ಕು ಅಕ್ಷರ ಒತ್ತಿದ. ಮೇಜಿನ ಫೋನು ಬಡಿಯಿತು. ಎಷ್ಟು ಇಂಪಾಗಿ ಬಡಿಯಿತೆಂದರೆ ಕಿಟಕಿಯಾಚೆಯ ಸಾಲೆಲ್ಲ ಒಮ್ಮೆ ಕತ್ತು ಚಾಚಿ ನೋಡಿತು.

“ಹಲೋ, ಕಲ್ಯಾಣ ಮಂಟಪದವರಾ?” ಎಂದಳು ಅನಂತಲಕ್ಷ್ಮಿ, ಅಪರಿಚಿತರ ಜೊತೆ ಮಾತಾಡುವ ದನಿಯಲ್ಲಿ.

“ನಾನೇ ಕಣೇ.”

“ರೀ, ಸಿಕ್ತು ನೋಡಿ. ನೀವು ಹೇಳ್ದಂಗೆ ಇಡ್ಲೇ ಇಲ್ಲ ನಾನು. ಹಾಲು ಉಕ್ತು, ಯಾರೋ ಬಾಗಿಲು ಬಡಿದ್ರು, ಏಳ್ಲಿಲ್ಲ. ದುಂಡಪ್ಪನವರ ಆಶೀರ್ವಾದ ಬಾಯಿಪಾಠ ಆಗೋಯ್ತು. ಮೊದಲನೇ ಕಾಲು ನಂದೇನಾ?”

“ನಿಂದೇ. ಮೊದಲನೇದು ನಿಂದೇ.”

“ನಂಗೊತ್ತಿತ್ತು. ನೀವು ಮಾಡ್ಸಿದ್ದು ಅಂದ್ರೆ ಸುಮ್ನೇನಾ. ಇರಿ, ರಾಗಿಣಿ ಇಲ್ಲೇ ಕೂತಿದಾಳೆ. ಅಮ್ಮ ಸಾಲಲ್ಲಿದಾಳೆ, ಅಮ್ಮ ಸಾಲಲ್ಲಿದಾಳೆ ಅಂತ ಆಗ್ಲಿಂದ ಮಧ್ವೇಶಂಗೆ ಫೋನಲ್ಲಿ ಹೇಳ್ತಾನೇ ಇದಾಳೆ. ನೀವೇ ಹೇಳಿ ಅವಳಿಗೆ.”

ಫೋನು ಕೈ ಬದಲಾಯಿತು. ಧ್ವನಿ ಎಷ್ಟು ಸ್ವಚ್ಛವಾಗಿತ್ತೆಂದರೆ ಮಗಳ ಬಳೆ ಸರಿದದ್ದೂ ಕೇಳಿಸಿತು.

“ಹೇಳಪ್ಪ,” ಎಂದಳು ರಾಗಿಣಿ. ದನಿಯಲ್ಲಿ ಇನ್ನೂ ನಗುವಿತ್ತು.

ಹೇಳಿದೆ. ಎರಡೇ ಮಾತಿನಲ್ಲಿ ಮುಗಿಯಿತು.

ಆಮೇಲೆ ಏನೂ ಕೇಳಿಸಲಿಲ್ಲ. ಲೈನು ಹೋಯಿತೇನೋ ಎಂದು ಭೈರೇಶನತ್ತ ನೋಡಿದೆ. ಅವನು ಪರದೆ ನೋಡಿ, ಇದೆ ಎಂದು ತಲೆಯಾಡಿಸಿದ.

“ತಿಂಡಿ ತಿಂದ್ಯಾ ಅಪ್ಪ?” ಎಂದಳು ಮಗಳು.

ಅವಳ ಹಿಂದೆ ಅನಂತಲಕ್ಷ್ಮಿ, “ಬರ್ಕೊಂಡ್ರಂತಾ? ಕೇಳೇ, ಬರ್ಕೊಂಡ್ರಂತಾ?” ಎನ್ನುತ್ತಿದ್ದುದು ಒಂದಕ್ಷರ ಬಿಡದೆ ನನಗೆ ಕೇಳಿಸುತ್ತಿತ್ತು.